ಬಾಯಿಗೆ ಬಾರದ ಪಾಸ್‌ವರ್ಡ್

ನಮ್ಮ ಮನೆತನದಲ್ಲಿ ಪದವೀಧರ ಹುಟ್ಟುವುದು ಸಾಧ್ಯವೇ ಇಲ್ಲ ಎಂದವರು ಸಾತಪ್ಪ ಕಾಕಾ. ಅವರು ಅಪ್ಪನಿಗೆ ದೂರದ ತಮ್ಮ. ಪುಣೆಯ ಮಾರ್ಕೆಟ್ ಯಾರ್ಡಿನ ಗೇಟಿನ ಪಕ್ಕ ಪಾನಪಟ್ಟಿ ಅಂಗಡಿ ಇಟ್ಟುಕೊಂಡಿದ್ದರು. ಎಲೆಗೆ ಸುಣ್ಣ ಹಚ್ಚುತ್ತಲೇ ಎದುರು ನಿಂತವರ ಭವಿಷ್ಯ ಹೇಳುವುದು ಅವರ ಅಭ್ಯಾಸ. ನಾನು ಹಗಲು ಧನಕವಡಿಯ ಕಾಲೇಜೊಂದರ ಆಫೀಸಿನಲ್ಲಿ ಫೈಲುಗಳನ್ನು ಈ ಮೇಜಿನಿಂದ ಆ ಮೇಜಿಗೆ ಒಯ್ಯುತ್ತ, ಸಂಜೆ ಬಿ.ಕಾಂ. ತರಗತಿಗೆ ಹೋಗುತ್ತಿದ್ದ ಕಾಲ ಅದು. "ಕಲ್ಲಪ್ಪ, ನಿನ್ನ ತಲಿ ಛಲೋ ಅದಪ್ಪ, ಇಲ್ಲನ್ನೂದಿಲ್ಲ. ಆದ್ರ ಅದು ಟೊಪಿಗಿ ಇಡಾಕ ಛಲೋ ಅದ. ಡಿಗ್ರಿ ಅನ್ನೂದು ನಮ್ಮ ಮನಿತನದಾಗ ಆಗೂ ಮಾತಲ್ಲ" ಎಂದು ಹೇಳಿ ನನ್ನ ಕೈಗೊಂದು ಎಲೆ ಕೊಡುತ್ತಿದ್ದರು. ಮೂರು ವರ್ಷದ ಬಿ.ಕಾಂ. ಅನ್ನು ನಾನು ಏಳು ವರ್ಷಗಳಲ್ಲಿ ಮುಗಿಸಿದೆ. ಉಳಿದವರು ಒಂದು ಸಲ ಓದುವ ಪುಸ್ತಕವನ್ನು ನಾನು ಮೂರು ಸಲ ಓದಿದ್ದರಿಂದ ನನ್ನ ವಿದ್ಯೆ ಅವರಿಗಿಂತ ಗಟ್ಟಿ ಎಂಬುದು ನನ್ನ ಇಂದಿನ ನಂಬಿಕೆಯೂ ಹೌದು. ಪದವಿಯ ಕಾಗದ ತೋರಿಸಿದ ದಿನ ಕಾಕಾ ಸುಣ್ಣದ ಕಡ್ಡಿಯನ್ನು ಒಂದು ಗಳಿಗೆ ಕೆಳಗಿಟ್ಟು, "ಬಂತಪ್ಪ, ಖರೆ. ಈಗ ಕಂಪ್ಯೂಟರ್ ಅಂತೊಂದು ಬಂದದ ನೋಡು, ಅದು ಮಾತ್ರ ನಿನಗ ಬರೂದಿಲ್ಲ. ಬರದ ಇಟ್ಕೊ" ಎಂದರು.

ಕಷ್ಟಪಟ್ಟು ಪಡೆದವನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ ಎಂದು ನನಗೆ ತಡವಾಗಿ ತಿಳಿಯಿತು. ಪಡೆದದ್ದನ್ನು ಯಾರೋ ಹೊತ್ತೊಯ್ಯುತ್ತಾರೆ ಎಂಬ ಭಯವೇ ಆ ಕಾಯಿಲೆ. ನನ್ನ ಬಾಲ್ಯದ ಮನೆಗೆ ಬೀಗವಿರಲಿಲ್ಲ. ಅಪ್ಪ ಬೆಳಗಾವಿ ಜಿಲ್ಲೆಯಿಂದ ಬಂದು ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದವನು. ನಮ್ಮ ಒಂದೇ ಕೋಣೆಯ ಬಾಗಿಲಿಗೆ ಇದ್ದ ಚಿಲಕವೂ ನಾಯಿ ಬಾರದಿರಲಿ ಎಂದು ಹಾಕಿದ್ದು. ಕಳ್ಳ ಬಂದರೆ ಅವನಿಗೇ ಅವಮಾನವಾಗುವಂಥ ಮನೆ. ಹಾಗಾಗಿ ನನ್ನ ಪದವಿಯ ಕಾಗದ ಮನೆಗೆ ಬಂದ ದಿನ ನಮ್ಮ ವಂಶದಲ್ಲಿ ಮೊಟ್ಟಮೊದಲ ಬೀಗ ಖರೀದಿಯಾಯಿತು. ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸಿ, ಟ್ರಂಕಿನಲ್ಲಿ ಹೆಂಡತಿಯ ಧಾರೆ ಸೀರೆಯ ಕೆಳಗಿಟ್ಟು, ಬೀಗ ಜಡಿದು, ಕೀಲಿಯನ್ನು ನನ್ನ ಉಡದಾರಕ್ಕೆ ಕಟ್ಟಿಕೊಂಡೆ. ಶಾರದಾ, ಅಂದರೆ ನನ್ನ ಹೆಂಡತಿ, ತನ್ನ ಸೀರೆ ಬೇಕಾದಾಗಲೆಲ್ಲ ನನ್ನ ಅಂಗಿ ಎತ್ತಿಸಬೇಕಾಗುತ್ತಿತ್ತು.

ಇಂಥವನ ಮನೆಗೆ ಕಂಪ್ಯೂಟರ್ ಬಂದರೆ ಏನಾಗಬೇಕೋ ಅದೇ ಆಯಿತು. ಹೊಸ ಶತಮಾನ ಆಗಷ್ಟೇ ಆರಂಭವಾಗಿತ್ತು. ಕಾಲೇಜಿನಲ್ಲಿ ಒಂದು ಸುತ್ತೋಲೆ ಬಂತು. ಹೆಡ್ ಕ್ಲಾರ್ಕ್ ಹುದ್ದೆ ತೆರವಾಗುತ್ತದೆ, ಕಂಪ್ಯೂಟರ್ ಪರೀಕ್ಷೆಯ ಸರ್ಟಿಫಿಕೇಟ್ ಇದ್ದವರ ಹೆಸರನ್ನು ಮಾತ್ರ ಪರಿಗಣಿಸಲಾಗುವುದು ಎಂದು. ಹದಿನೆಂಟು ವರ್ಷ ಆ ಆಫೀಸಿನಲ್ಲಿ ಸವೆದಿದ್ದ ನಾನು, ಹಿಟ್ಟಿನ ಗಿರಣಿಯ ಮೇಲಿನ ಮಾಳಿಗೆಯಲ್ಲಿದ್ದ ಒಂದು ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ಮನೆಯಲ್ಲಿ ಅಭ್ಯಾಸಕ್ಕೆಂದು ಒಂದು ಹಳೆಯ ಜೋಡಿಸಿದ ಕಂಪ್ಯೂಟರನ್ನೂ ತಂದೆ. ಕ್ಲಾಸಿನಲ್ಲಿ ಕಲಿಸುತ್ತಿದ್ದವಳು ಅನಘಾ ಮ್ಯಾಡಮ್. ಇಪ್ಪತ್ತೆರಡರ ಹುಡುಗಿ, ನಲವತ್ತರ ನನ್ನನ್ನು "ಕಾಕಾ" ಎಂದು ಕರೆಯುತ್ತಿದ್ದಳು. ಕೆಳಗಿನ ಗಿರಣಿ ಶುರುವಾದರೆ ಮೇಲೆ ನಮ್ಮ ಕುರ್ಚಿಗಳು ಗಡಗಡ ನಡುಗುತ್ತಿದ್ದವು. ಆದರೂ ನಾವು ಚಪ್ಪಲಿಗಳನ್ನು ಹೊರಗೇ ಬಿಟ್ಟು ಒಳಗೆ ಹೋಗುತ್ತಿದ್ದೆವು. ಮಿಶಿನ್ನಿಗೆ ಧೂಳು ತಾಗಬಾರದು ಎಂದು ಮ್ಯಾಡಮ್ ಹೇಳಿದ್ದಳು. ಅಷ್ಟು ಹೊತ್ತಿಗೆ ಜೋಳದ ಹಿಟ್ಟು ನಮ್ಮೆಲ್ಲರ ಹುಬ್ಬಿನ ಮೇಲೆ ಕುಳಿತಿರುತ್ತಿತ್ತು.

ಕಂಪ್ಯೂಟರಿಗೆ ಮೂರು ಬಗೆಯ ಅಪಾಯಗಳಿವೆ ಎಂದು ಅವಳು ಹೇಳಿದ ದಿನ ನಾನು ಕೈ ನೋಯುವಂತೆ ಬರೆದುಕೊಂಡೆ. ಕಳವು, ಹಾನಿ, ಒಳನುಸುಳುವಿಕೆ. ನನ್ನ ಕಾಯಿಲೆಗೆ ಪಠ್ಯಪುಸ್ತಕವೇ ಸಿಕ್ಕಂತಾಯಿತು. ಮರುದಿನವೇ ಬಡಿಗನನ್ನು ಕರೆಸಿ ಕಂಪ್ಯೂಟರಿನ ಅಳತೆಗೆ ಸರಿಯಾದ ಒಂದು ಕಪಾಟು ಮಾಡಿಸಿದೆ. ಅದಕ್ಕೂ ಬೀಗ, ಉಡದಾರಕ್ಕೆ ಎರಡನೆಯ ಕೀಲಿ. ನಡೆದರೆ ನಾನು ಎತ್ತಿನ ಹಾಗೆ ಸಣ್ಣಗೆ ಕಿಣಿಕಿಣಿ ಅನ್ನತೊಡಗಿದೆ. ಅಪ್ಪನಿಗೆ ಬೀಗದ ಮೇಲೆ ನಂಬಿಕೆಯಿಲ್ಲ. "ಮಾರ್ಕೆಟ್‌ನ್ಯಾಗ ಬೆಲಿ ಬಾಳೂ ಮಾಲಿದ್ರ ಬೀಗ ಹಾಕೂದಿಲ್ಲೋ, ಅದರ ಮ್ಯಾಲ ಒಬ್ಬ ಕುಂದರತಾನ" ಎಂದು ಹೇಳಿ, ತನ್ನ ಸ್ಟೂಲನ್ನು ಕಪಾಟಿನ ಬಾಗಿಲಿಗೇ ಒತ್ತಿಟ್ಟು ಕುಳಿತುಬಿಟ್ಟ. ಅಂದಿನಿಂದ ನಾನು ಅಭ್ಯಾಸ ಮಾಡಬೇಕೆಂದರೆ ಮೊದಲು ಅಪ್ಪನನ್ನು ಎಬ್ಬಿಸಬೇಕು, ಆಮೇಲೆ ಅಂಗಿ ಎತ್ತಬೇಕು, ಆಮೇಲೆ ಬೀಗ ತೆಗೆಯಬೇಕು.

ಕಳವಿನ ಬಂದೋಬಸ್ತು ಹೀಗಾದರೆ, ಹಾನಿಯ ಕಡೆಯಿಂದ ನಾವು ಸೋತೆವು. ಆ ವರ್ಷ ಖಂಡೇನವಮಿಗೆ ಅವ್ವ, ಮನೆಯ ಈಳಿಗೆ, ಕತ್ತರಿ, ಅಪ್ಪನ ಹಮಾಲಿ ಕೊಂಡಿ ಇವುಗಳ ಸಾಲಿನಲ್ಲಿ ಕಂಪ್ಯೂಟರನ್ನೂ ಸೇರಿಸಿ ಪೂಜೆ ಮಾಡಿದಳು. ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಫ್ಲಾಪಿ ಹಾಕುವ ಸಂದಿಗೆ ಅರಿಶಿನ ಕುಂಕುಮ ಏರಿತ್ತು. ಕೀಬೋರ್ಡಿನ ಮೇಲೆ ಅಕ್ಷತೆ ಬಿದ್ದಿತ್ತು. ಅದರಲ್ಲಿ ನಾಲ್ಕು ಕಾಳು ಒಳಗಿಳಿದು, ಸ್ಪೇಸ್ ಬಾರ್ ಒತ್ತಿದಾಗಲೆಲ್ಲ ಅಕ್ಕಿ ಕಡಿದ ಸದ್ದು ಬರುತ್ತಿತ್ತು. ಇದನ್ನು ಮ್ಯಾಡಮ್‌ಗೆ ಹೇಳಿದರೆ ಅವಳು ನಗಲಿಲ್ಲ. "ಕಾಕಾ, ನಮ್ಮ ಆಯಿನೂ ಅದನ್ನೇ ಮಾಡಿದಳು, ಮೇಲೆ ತೆಂಗಿನಕಾಯಿ ಬೇರೆ ಒಡೆದಳು" ಎಂದು ಮರಾಠಿಯಲ್ಲಿ ಹೇಳಿದಳು. ಇನ್ನು ವೈರಸ್ ಎಂಬುದರ ವಿಷಯ. ಬೇರೆಯವರ ಫ್ಲಾಪಿಯಿಂದ ನಮ್ಮ ಕಂಪ್ಯೂಟರಿಗೆ ರೋಗ ಬರುತ್ತದೆ ಎಂದು ನಾನು ಮನೆಯಲ್ಲಿ ವಿವರಿಸಿದ್ದೇ ತಪ್ಪಾಯಿತು. ಅವ್ವ ನನ್ನ ಫ್ಲಾಪಿ ಡಬ್ಬಿಯ ತುಂಬ ಬೇವಿನ ಎಲೆ ತುಂಬಿಟ್ಟಳು. ಜೋಳಕ್ಕೆ ಹುಳ ಹತ್ತದಂತೆ ಅವಳು ಮಾಡುವುದೇ ಹಾಗೆ. ಓದಿದವನಾದ ನಾನು ನಕ್ಕೆ, ಆದರೆ ಎಲೆಗಳನ್ನು ತೆಗೆಯಲಿಲ್ಲ.

ಮೂರನೆಯದು ಪಾಸ್‌ವರ್ಡ್. ಇಲ್ಲಿ ನಾನು ತಪ್ಪೊಪ್ಪಿಕೊಳ್ಳಬೇಕು. ಪಾಸ್‌ವರ್ಡನ್ನು ಆಗಾಗ ಬದಲಿಸಬೇಕು ಎಂದು ಮ್ಯಾಡಮ್ ಹೇಳಿದ್ದರಿಂದ ನಾನು ವಾರಕ್ಕೊಮ್ಮೆ ಬದಲಿಸಿದೆ. ಎಲ್ಲಿಯೂ ಬರೆದಿಡಬಾರದು ಎಂದದ್ದರಿಂದ ಬರೆದಿಡಲಿಲ್ಲ. ಹಾಗಾಗಿ ವಾರಕ್ಕೊಮ್ಮೆ ಮರೆತೆ. ನನ್ನ ಸ್ವಂತ ಕಂಪ್ಯೂಟರು ನನ್ನನ್ನೇ ಕಳ್ಳನಂತೆ ಹೊರಗೆ ನಿಲ್ಲಿಸುವುದು, ರಿಪೇರಿಯವನು ಬಂದು ಒಂದೇ ಗುಂಡಿ ಒತ್ತಿ ಒಳಗೆ ಹೋಗುವುದು, ಹೀಗೇ ಎರಡು ಸಲ ಆಯಿತು. "ಸಾಹೇಬ, ಈ ಪಾಸ್‌ವರ್ಡ್ ಮಕ್ಕಳಾಟದ್ದು. ಗಟ್ಟಿಯಾದದ್ದು ಬೇಕಾದರೆ ಮಿಶಿನ್ ಕಣ್ಣು ಬಿಡುವ ಮೊದಲೇ ಕೇಳುವಂಥದ್ದು ಹಾಕಿಕೊಡುತ್ತೇನೆ. ಅದನ್ನು ಮರೆತರೆ ಮಾತ್ರ ದೇವರೇ ಗತಿ" ಎಂದ. ಗಟ್ಟಿ ಎಂಬ ಮಾತು ಕಿವಿಗೆ ಬಿದ್ದದ್ದೇ ನಾನು ಹಾಕಪ್ಪ ಎಂದೆ.

"ಮರಿಯೂರು ನೀವು. ಹೆಸರ ನಾ ಇಡತೀನಿ" ಎಂದಳು ಶಾರದಾ. ಅವಳು ಏಳನೆಯ ತರಗತಿಯವರೆಗೆ ಇಂದಾಪುರದ ಶಾಲೆಯಲ್ಲಿ ಓದಿದವಳು. ಅವಳಪ್ಪ ವಿಜಾಪುರದ ಕಡೆಯಿಂದ ಬಂದು ಅಲ್ಲಿನ ಎಸ್.ಟಿ. ಸ್ಟ್ಯಾಂಡಿನ ಎದುರು ಕಿರಾಣಿ ಅಂಗಡಿ ಇಟ್ಟಿದ್ದರು. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದುವಷ್ಟು ಅವಳಿಗೆ ಬರುತ್ತಿತ್ತು. ನಾನು ಪದವೀಧರನ ಗತ್ತಿನಲ್ಲಿ ನಿಯಮಗಳನ್ನೆಲ್ಲ ಹೇಳಿದೆ. ಮಕ್ಕಳ ಹೆಸರು ಇಡಬಾರದು, ಹುಟ್ಟಿದ ದಿನ ಇಡಬಾರದು, ಯಾರಾದರೂ ಊಹಿಸುವಂಥ ಮಾತು ಇಡಬಾರದು. ತಪ್ಪಿಯೂ ಬಾಯಿಂದ ಹೊರಗೆ ಬೀಳದ ಮಾತಾಗಿರಬೇಕು. ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳಬಾರದು, ಗಂಡ ಕೇಳಿದರೂ ಹೇಳಬಾರದು ಎಂದು ಕೊನೆಯದನ್ನು ನಾನೇ ಸೇರಿಸಿದೆ. ಆಕೆ ಒಂದು ಗಳಿಗೆ ಯೋಚಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು, "ಅಂಥಾದ್ದು ನನ್ನ ಹತ್ರ ಒಂದ ಒಂದು ಅದ" ಎಂದಳು. ನಾನು, ರಿಪೇರಿಯವನು, ಅಪ್ಪ ಮೂವರೂ ಗೋಡೆಯ ಕಡೆ ಮುಖ ಮಾಡಿ ನಿಂತೆವು. ಹಿಂದಿನಿಂದ ಎಂಟು ಸಲ ಟಕ್ ಟಕ್ ಎಂದು ಕೇಳಿಸಿತು. ಅಂದಿನಿಂದ ದಿನಾ ಬೆಳಗ್ಗೆ ಗರ್ಭಗುಡಿ ತೆರೆಯುವ ಪೂಜಾರಿಯ ಹಾಗೆ ಶಾರದಾ ಬಂದು ಕಂಪ್ಯೂಟರ್ ತೆರೆದುಕೊಡುತ್ತಿದ್ದಳು, ನಾನು ಭಕ್ತನ ಹಾಗೆ ಆಮೇಲೆ ಕುಳಿತುಕೊಳ್ಳುತ್ತಿದ್ದೆ.

ಪರೀಕ್ಷೆಯಲ್ಲಿ ಒಂದು ಪ್ರಾಜೆಕ್ಟ್ ಇತ್ತು. ನಾನು ನಮ್ಮ ಕಾಲೇಜಿನ ಇಡೀ ವರ್ಷದ ಟೈಮ್‌ಟೇಬಲನ್ನು ಕೂತು ತಯಾರಿಸಿದೆ. ಒಂದೊಂದೇ ಬೆರಳಿನಿಂದ, ಎರಡು ತಿಂಗಳು. ಅದನ್ನು ಫ್ಲಾಪಿಯಲ್ಲಿ ಹಾಕಿ ಶುಕ್ರವಾರ ಬೆಳಗ್ಗೆ ಹತ್ತು ಗಂಟೆಗೆ ಕ್ಲಾಸಿಗೆ ಕೊಡಬೇಕು. ತಪ್ಪಿದರೆ ಮತ್ತೆ ಆರು ತಿಂಗಳಿಗೆ ಪರೀಕ್ಷೆ, ಅಷ್ಟರಲ್ಲಿ ಹೆಡ್ ಕ್ಲಾರ್ಕ್ ಕುರ್ಚಿಯ ಮೇಲೆ ಬೇರೊಬ್ಬರ ಟವೆಲ್ ಬಿದ್ದಿರುತ್ತಿತ್ತು. "ಕಾಕಾ, ಎರಡು ಕಡೆ ಕಾಪಿ ಇಡಿ" ಎಂದು ಮ್ಯಾಡಮ್ ಹತ್ತು ಸಲ ಹೇಳಿದ್ದಳು. ಎರಡು ಕಡೆ ಇಟ್ಟರೆ ಕದಿಯುವವರಿಗೆ ಎರಡು ಕಡೆ ಅನುಕೂಲ ಎಂಬುದು ನನ್ನ ತರ್ಕ. ಗುರುವಾರ ಸಂಜೆ ಆಫೀಸಿನಿಂದ ಬಂದು, ಹೊಸ ಫ್ಲಾಪಿಯ ಕವರು ಒಡೆದು, ಒಂದೇ ಸಲ ತುಂಬಿಕೊಂಡು ಹೋಗುವುದೆಂದು ನಿಶ್ಚಯಿಸಿದ್ದೆ.

ಬುಧವಾರ ಬೆಳಗ್ಗೆ ಶಾರದಾ ಮಗಳನ್ನು ಕರೆದುಕೊಂಡು ಇಂದಾಪುರದ ಬಸ್ಸು ಹತ್ತಿದಳು. ತಮ್ಮನ ಹೆಂಡತಿಯ ಕುಬಸ, ಅಂದರೆ ಸೀಮಂತ, ಹೋಗದೆ ಇರುವಂತಿಲ್ಲ. ಹೊರಡುವ ಮುಂಚೆ ಕಂಪ್ಯೂಟರ್ ತೆರೆದಿಟ್ಟು, "ಇಲ್ನೋಡ್ರಿ, ನಾ ಬರೂತನಕ ಬಂದ್ ಮಾಡಬ್ಯಾಡ್ರಿ" ಎಂದಳು. ನಾನೂ ಮಾಡಲಿಲ್ಲ, ಅಪ್ಪನೂ ಮಾಡಲಿಲ್ಲ. ಆದರೆ ಪುಣೆಯಲ್ಲಿ ಗುರುವಾರ ಎಂಬುದೊಂದು ವಾರವಿದೆಯಲ್ಲ, ಅಂದು ರಿಪೇರಿಯ ಹೆಸರಿನಲ್ಲಿ ಒಂದು ಕಡೆ ನಲ್ಲಿಯಲ್ಲಿ ನೀರಿಲ್ಲ, ಇನ್ನೊಂದು ಕಡೆ ತಂತಿಯಲ್ಲಿ ಕರೆಂಟಿಲ್ಲ. ಚಿಕ್ಕಂದಿನಿಂದ ಆ ಊರಿನಲ್ಲಿ ಗುರುವಾರಗಳನ್ನು ಕಂಡ ನಾನು, ಕಳ್ಳರನ್ನು, ಹುಳಗಳನ್ನು, ನನ್ನ ಹೆತ್ತ ತಾಯಿಯನ್ನು ಸಹ ಅನುಮಾನಿಸಿದ್ದೆ. ಗುರುವಾರವನ್ನು ಅನುಮಾನಿಸಿರಲಿಲ್ಲ.

ಸಂಜೆ ಐದೂವರೆಗೆ ಮನೆಗೆ ಬಂದೆ. ಅಪ್ಪ ಸ್ಟೂಲಿನ ಮೇಲೆಯೇ ಇದ್ದ. "ಯಾರೂ ಬಂದಿಲ್ಲ, ನಾ ಎದ್ದಿಲ್ಲ. ನಡಕ ಕರೆಂಟ ಹೋಗಿತ್ತು, ಬಂತು" ಎಂದ. ಕಪಾಟು ತೆಗೆದು ಗುಂಡಿ ಒತ್ತಿದೆ. ಕರಿಯ ಪರದೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ಪಾಸ್‌ವರ್ಡ್ ಎಂದು ಬರೆದುಕೊಂಡು ಕಂಪ್ಯೂಟರು ನನ್ನ ಮುಖ ನೋಡಿತು. ನನಗೆ ಗೊತ್ತಿದ್ದದ್ದು ಒಂದೇ ಸಂಗತಿ. ಎಂಟು ಅಕ್ಷರ. ಗಣಪತಿಯನ್ನು ಇಂಗ್ಲಿಷಿನಲ್ಲಿ ಎಣಿಸಿದೆ, ಎಂಟು ಬಂತು. ಹಾಕಿದೆ, ಆಗಲಿಲ್ಲ. ಮಹಾದೇವನನ್ನು ಹಾಕಿದೆ, ಎಂಟೇ, ಆಗಲಿಲ್ಲ. "ವಿಠ್ಠಲನ್ನ ಹಾಕಿ ನೋಡು" ಎಂದ ಅಪ್ಪ. ವಿಠ್ಠಲನೂ ಎಂಟು ಅಕ್ಷರದವನೇ ಆಗಿದ್ದ. ಅವನನ್ನು ಹಾಕಿದ್ದೇ ಮೂರು ಸಲ ಮುಗಿಯಿತೆಂದು ಕಂಪ್ಯೂಟರು ಕಲ್ಲಾಗಿ ಕುಳಿತುಬಿಟ್ಟಿತು. ಆರಿಸಿ, ಹಚ್ಚಿ, ಮತ್ತೆ ಮೂರು ದೇವರು. ಹೀಗೆ ನಮ್ಮ ಮನೆಯ ದೇವರಗೂಡಿನ ಫೋಟೋಗಳೆಲ್ಲ ಮುಗಿದವು. ದೇವರ ಹೆಸರು ಮುಗಿದ ಮೇಲೆ ಅವಳಿಗೆ ಇಷ್ಟವಾದ ತಿಂಡಿಗಳನ್ನು ನೆನೆಯಲು ಹೋದೆ. ಹದಿನಾಲ್ಕು ವರ್ಷ ಸಂಸಾರ ಮಾಡಿ ಅವಳಿಗೆ ಯಾವ ತಿಂಡಿ ಇಷ್ಟ ಎಂದು ನನಗೆ ಗೊತ್ತಿರಲಿಲ್ಲ. ಅದು ಕರಿಯ ಪರದೆಗಿಂತ ಹೆಚ್ಚು ಕರಿಯದಾಗಿ ನನ್ನನ್ನು ನೋಡಿತು.

ಮೂಲೆಯ ಎಸ್.ಟಿ.ಡಿ. ಬೂತಿಗೆ ಓಡಿದೆ. ಮೊದಲು ರಿಪೇರಿಯವನಿಗೆ ಹಚ್ಚಿದೆ. ಒಳಗೆ ಒಂದು ಸಣ್ಣ ಬ್ಯಾಟರಿ ಇರುತ್ತದೆ, ಅದನ್ನು ತೆಗೆದರೆ ಮಿಶಿನ್ ಎಲ್ಲ ಮರೆಯುತ್ತದೆ, ಆದರೆ ತಾನು ಊರಲ್ಲಿದ್ದೇನೆ, ಶನಿವಾರ ಬರುತ್ತೇನೆ, ಅಲ್ಲಿಯವರೆಗೆ ನೀವು ಕೈ ಹಾಕಬೇಡಿ ಎಂದ. ಆಮೇಲೆ ಇಂದಾಪುರಕ್ಕೆ ಹಚ್ಚಿದೆ. ಫೋನು ಮಾವನವರ ಕಿರಾಣಿ ಅಂಗಡಿಯ ಗಲ್ಲೆಯ ಪಕ್ಕ. ಮಾವನವರೇ ಎತ್ತಿದರು, ಶಾರದೆಯನ್ನು ಮಾಳಿಗೆಯಿಂದ ಕರೆಸಿದರು.

"ಪಾಸ್‌ವರ್ಡ್ ಹೇಳು, ಲಗೂನ" ಎಂದೆ.

ಆ ಕಡೆ ಅವಳ ಹಿಂದೆ ಯಾರೋ ಅರ್ಧ ಕಿಲೊ ಶೇಂಗಾ ಕೇಳುತ್ತಿದ್ದರು.

"ಹೇಳಾಕ ಬರೂದಿಲ್ರಿ" ಎಂದಳು ಸಣ್ಣ ದನಿಯಲ್ಲಿ.

"ಮರತಿ?"

"ಅಯ್ಯ, ಅದನ್ಹೆಂಗ ಮರೀಲಿ."

"ಮತ್ತ ಹೇಳು! ನಾಳೆ ಹತ್ತಕ್ಕ ಕೊಡೂದದ. ಇಲ್ಲಾಂದ್ರ ಎಲ್ಲಾ ಹೋತು."

"ಅಪ್ಪ ಇಲ್ಲೇ ಕುಂತಾರ. ಮಂದಿ ನಿಂತಾರ. ಹೆಂಗ ಹೇಳ್ಲಿ?"

"ಮಂದೀ ಮುಂದ ಹೇಳಬಾರದಂಥಾದ್ದು ಏನ ಇಟ್ಟೀಯ ಮಾರಾಯ್ತಿ!"

ಬೂತಿನ ಹೊರಗೆ ಸರದಿಗೆ ನಿಂತಿದ್ದವರು ಗಾಜಿನೊಳಗೆ ಇಣುಕಿದರು. ಆ ಕಡೆಯಿಂದ ಫೋನು ಕೈ ಬದಲಾಯಿತು. "ಏನ್ ಅಳಿಯಂದಿರ" ಎಂದರು ಮಾವನವರು, "ಏನ್ ಕೇಳಾಕತ್ತೀರಿ ನಮ್ಮ ಹುಡುಗಿಗೆ? ಮಾರಿ ಕುಂಕುಮದಂಗಾಗೇದಲ್ಲ. ಕುಬಸದ ಮನಿ ಅದ, ಹೆಣಮಕ್ಕಳೆಲ್ಲ ಕೂಡ್ಯಾರ. ಪುಣೇಕ ಬಂದಮ್ಯಾಲ ಮಾತಾಡಕೋಬಾರದೇನು?" ಕಂಪ್ಯೂಟರಿನ ವಿಷಯ ಎಂದೆ. "ಹೌದ್ರಿ, ಹೌದ್ರಿ" ಎಂದರು. ಆ ಎರಡು ಹೌದ್ರಿಗಳಲ್ಲಿ ಒಂದನ್ನೂ ಅವರು ನಂಬಿರಲಿಲ್ಲ.

ಶಾರದಾ ಮತ್ತೆ ಫೋನು ತೆಗೆದುಕೊಂಡು, ಅದಕ್ಕೆ ತುಟಿ ಮುಟ್ಟಿಸಿ ಮಾತಾಡುವವಳಂತೆ ಅಂದಳು: "ನಿಮಗ ತಿಳೀವಲ್ದೇನ್ರಿ? ನಾ ಬರೀತೀನಿ, ಬಾಯಿಲೆ ಅನ್ನೂದಿಲ್ಲ. ಮದಿವಿ ದಿನಾ ಅಂದದ್ದು, ಆಮ್ಯಾಲ ಅಂದಿಲ್ಲ."

ಆಗ ನನಗೆ ಹೊಳೆಯಬೇಕಿತ್ತು. ನಮ್ಮ ಅವ್ವ ರೇಶನ್ ಆಫೀಸಿನಲ್ಲಿ ಗಂಡನ ಹೆಸರು ಕೇಳಿದರೆ ನನ್ನ ಪಕ್ಕೆಗೆ ತಿವಿದು ನನ್ನಿಂದ ಹೇಳಿಸುತ್ತಿದ್ದಳು. ನಾನಿಲ್ಲದ ದಿನ ಮೂರು ತಾಸು ಸರದಿಯಲ್ಲಿ ನಿಂತು, ಹೆಸರು ಹೇಳಲಾರದೆ, ಸೀಮೆಎಣ್ಣೆಯಿಲ್ಲದೆ ಮನೆಗೆ ಬಂದಿದ್ದಳು. ಗಂಡನ ಹೆಸರು ಬಾಯಲ್ಲಿ ತಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ ನಮ್ಮ ಕಡೆಯ ಮನೆಗಳಲ್ಲಿ. ಹೇಳಲೇಬೇಕಾದ ಮದುವೆ, ಕುಬಸದಂಥ ದಿನಗಳಲ್ಲಿ ಒಡಪು ಕಟ್ಟಿ, ಪ್ರಾಸದ ಎರಡು ಸಾಲಿನ ನಡುವೆ ಹೆಸರನ್ನು ಹುದುಗಿಸಿ ಹೇಳುತ್ತಾರೆ. ಇಷ್ಟೆಲ್ಲ ಬಲ್ಲ ನಾನು ಆ ಬೂತಿನಲ್ಲಿ ಏನೂ ತಿಳಿಯದೆ ನಿಂತಿದ್ದೆ. ಕಾರಣವಿಷ್ಟೇ. ಸ್ವಂತ ಹೆಸರನ್ನು ಎಂದಿಗೂ ಪಾಸ್‌ವರ್ಡ್ ಮಾಡಬಾರದು ಎಂದು ಮ್ಯಾಡಮ್ ನೋಟ್ಸಿನಲ್ಲಿ ಎರಡು ಗೆರೆ ಎಳೆಸಿ ಬರೆಸಿದ್ದಳು. ನಾನು ಓದಿದವನು, ಬರೆದುಕೊಂಡದ್ದನ್ನು ನಂಬುವವನು. ನನ್ನ ಹೆಸರು ಶಾರದೆಯ ಸ್ವಂತ ಹೆಸರಲ್ಲ ಎಂಬುದು ತಲೆಗೆ ಬರಲೇ ಇಲ್ಲ.

ಅಷ್ಟರಲ್ಲಿ ಆ ಕಡೆ ಬಳೆಗಳ ಸದ್ದು. ಮಾಳಿಗೆಯ ಮೇಲಿದ್ದ ಹೆಂಗಸರೆಲ್ಲ ಫೋನಿನ ಗಲಾಟೆ ಏನೆಂದು ನೋಡಲು ಕೆಳಗಿಳಿದಿದ್ದರು. "ಏನಾತವ್ವ? ಏನ ಕೇಳತಾರ ಅವರು?" ಎಂದು ಒಬ್ಬಳು. "ಏನೋ ಹೆಸರ ಕೇಳತಾರ" ಎಂದಳು ಶಾರದಾ. "ಯಾರದು?" "ಅವರದ." ಆಗ ಅಂಗಡಿಯಲ್ಲಿ ಎದ್ದ ನಗೆ ತಂತಿಯಲ್ಲಿ ಹಾದು ಪುಣೆಯವರೆಗೆ ಬಂದು ನನ್ನ ಕಿವಿಗೆ ಬಡಿಯಿತು. "ಅಯ್ಯ ಅವ್ವ, ಹದಿನಾಕ ವರ್ಷಾದ ಮ್ಯಾಲ ಫೋನಿನ್ಯಾಗ ಹೆಸರ ಹೇಳಂತಾನಲ್ಲ, ಎಂಥಾ ಹೌಸಿನ ಗಂಡ ಸಿಕ್ಕಾನ ನಿನಗ!" "ಒಡಪ ಹಾಕ ಶಾರದಾ, ಬಿಡಬ್ಯಾಡ!" "ಕುಬಸದ ದಿನಾ ಹೆಸರ ಹೇಳಿದ್ರ ಛಲೋ ಆಕ್ಕೈತಿ!" ಮುದುಕಿಯೊಬ್ಬಳ ದನಿ ಎಲ್ಲರ ಮೇಲೆ ಕೇಳಿಸಿತು: "ಅಣ್ಣಾವ್ರ, ನೀವೊಂದೀಟು ಎದ್ದ ಹೊರಗ ಹೋಗ್ರಿ, ಮಗಳು ನಾಚತಾಳ." ಮಾವನವರು ತಮ್ಮ ಅಂಗಡಿಯಿಂದ ತಾವೇ ಹೊರಗೆ ಹೋದದ್ದು ಆ ಒಂದು ಸಲವಂತೆ.

ಇಲ್ಲಿ ಬೂತಿನವಳು ಗಾಜು ತಟ್ಟಿ "ಆಟಪಾ ಆತಾ", ಬೇಗ ಮುಗಿಸಿ, ಎಂದು ಮರಾಠಿಯಲ್ಲಿ ಅವಸರ ಮಾಡುತ್ತಿದ್ದಳು. ನಾನು ಎರಡೂ ಕೈಯಿಂದ ಫೋನು ಹಿಡಿದುಕೊಂಡು ನಿಂತಿದ್ದೆ. ಶಾರದಾ ಗಂಟಲು ಸರಿಮಾಡಿಕೊಂಡು, ಮದುವೆ ಮನೆಯ ರಾಗದಲ್ಲಿ ಹೇಳಿದಳು:

"ಗುರುವಾರ ಬಂತಂದ್ರ ಪುಣೇದಾಗ ಕರೆಂಟಿಲ್ಲ,
ಕಲ್ಲಪ್ಪನವರಿಗೆ ನಾ ಇಲ್ಲದ ಒಂದ ದಿನಾ ನಡಿಯೂದಿಲ್ಲ!"

ಅಂಗಡಿ ಚಪ್ಪಾಳೆಯಿಂದ ತುಂಬಿಹೋಯಿತು. ನಾನು ಬೆರಳು ಮಡಚಿ ನನ್ನ ಹೆಸರನ್ನು ಇಂಗ್ಲಿಷಿನಲ್ಲಿ ಎಣಿಸಿದೆ. ಎಂಟು. ಏಳು ವರ್ಷ ಓದಿ ಪದವಿಯ ಕಾಗದದ ಮೇಲೆ ಬರೆಸಿಕೊಂಡ ಹೆಸರು, ದಿನಾ ಬೆಳಗ್ಗೆ ನನ್ನ ಬೆನ್ನ ಹಿಂದೆ ಟಕ್ ಟಕ್ ಎನ್ನುತ್ತಿದ್ದದ್ದು ಅದೇ. "ಊಟ ಮಾಡೀದಿ?" ಎಂದೆ. "ಇನ್ನೂ ಏಳಾಗಿಲ್ಲರೀ" ಎಂದಳು.

ಮನೆಗೆ ಬಂದು ಹಾಕಿದೆ. ತೆರೆಯಿತು. ಟೈಮ್‌ಟೇಬಲ್ ಇದ್ದಲ್ಲೇ ಇತ್ತು, ಒಂದು ಪಿರಿಯಡ್ಡೂ ಕದ್ದುಹೋಗಿರಲಿಲ್ಲ. ಎರಡು ಫ್ಲಾಪಿಗಳಲ್ಲಿ ತುಂಬಿಸಿದೆ. ಒಂದನ್ನು ಅಪ್ಪನ ಕೈಗೆ ಕೊಟ್ಟೆ, ಒಂದನ್ನು ಕಿಸೆಯಲ್ಲಿ ಇಟ್ಟುಕೊಂಡೆ. ಶುಕ್ರವಾರ ಒಂಬತ್ತೂವರೆಗೆ ಗಿರಣಿಯ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಡೆದದ್ದನ್ನು ಮ್ಯಾಡಮ್‌ಗೆ ಹೇಳಿದೆ. "ಕಾಕಾ, ಪುಸ್ತಕದ ಪ್ರಕಾರ ಇದು ಅತ್ಯಂತ ಕೆಟ್ಟ ಪಾಸ್‌ವರ್ಡ್. ಆದರೆ ಕಾಕೂನ ಬಾಯಿಂದ ಇದನ್ನು ಯಾವ ಕಳ್ಳ ತೆಗೆಸಬಲ್ಲ ಹೇಳಿ?" ಎಂದಳು. ಆದರೂ ಬದಲಿಸಲೇಬೇಕಾಗಿತ್ತು. ಈಗ ಅದು ಅಂಗಡಿಯ ಹೊರಗೆ ನಿಂತು ಕೇಳಿಸಿಕೊಂಡ ಮಾವನವರಿಗೆ, ಬಸುರಿ ಹೆಣ್ಣುಮಗಳಿಗೆ, ಕುಬಸಕ್ಕೆ ಬಂದ ಅಷ್ಟೂ ಹೆಂಗಸರಿಗೆ, ಶೇಂಗಾ ಕೊಳ್ಳಲು ಬಂದಿದ್ದ ಗಿರಾಕಿಗೆ ಗೊತ್ತಾಗಿಹೋಗಿತ್ತು. ಆ ಒಡಪು ಅದಾದ ಮೇಲೆ ಇಂದಾಪುರದ ಎರಡು ಮದುವೆಗಳಲ್ಲಿ ಗಂಡನ ಹೆಸರು ಬದಲಿಸಿಕೊಂಡು ಕೇಳಿಬಂತು ಎಂದು ಆಮೇಲೆ ತಿಳಿಯಿತು. ಹೀಗೆ ನನ್ನ ಪಾಸ್‌ವರ್ಡು ಸಾರ್ವಜನಿಕ ಸಾಹಿತ್ಯವಾಯಿತು.

ಎರಡು ತಿಂಗಳ ನಂತರ ಗಿರಣಿಯ ಮಾಳಿಗೆಯಲ್ಲೇ ಒಂದು ಪುಟ್ಟ ಸಮಾರಂಭ. ಅಂದು ಗಿರಣಿ ಬಂದ್ ಇಟ್ಟಿದ್ದರು. ನಾನು ಇಸ್ತ್ರಿ ಅಂಗಿ ಹಾಕಿಕೊಂಡು, ಹೆಂಡತಿ, ಮಗಳು, ಅಪ್ಪ, ಅವ್ವ ಎಲ್ಲರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದ್ದೆ. ಮ್ಯಾಡಮ್ ಮೈಕಿನಲ್ಲಿ ನನ್ನ ಹೆಸರು ಕೂಗಿದಳು. ಶಾರದಾ ಅವ್ವನ ಕಿವಿಯಲ್ಲಿ ಏನೋ ಹೇಳಿದಳು, ಇಬ್ಬರೂ ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ನಾನು ಗಂಭೀರವಾಗಿ ವೇದಿಕೆ ಹತ್ತಿ, ಸರ್ಟಿಫಿಕೇಟ್ ತೆಗೆದುಕೊಂಡು, ಎರಡು ಮಾತಾಡಲು ಅವಕಾಶ ಕೇಳಿ ಹನ್ನೆರಡು ನಿಮಿಷ ಮಾತಾಡಿದೆ. ಶಿಕ್ಷಣದ ಮಹತ್ವ, ನಾನು ಪಟ್ಟ ಕಷ್ಟ, ನಮ್ಮ ಮನೆತನದ ಮೊದಲ ಪದವೀಧರ, ಇತ್ಯಾದಿ. ಕೆಳಗಿಳಿದು ಬಂದು ಸರ್ಟಿಫಿಕೇಟನ್ನು ಮೊದಲು ಅಪ್ಪನ ಕೈಯಲ್ಲಿ ಇಟ್ಟೆ. ಅದು ನಾನು ಬಹಳ ದಿನದಿಂದ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದ ಗಳಿಗೆ. ಅಪ್ಪನ ಕಣ್ಣು ತೇವವಾಗುತ್ತದೆ, ನನ್ನದೂ ಆಗುತ್ತದೆ, ಯಾರಾದರೂ ಫೋಟೋ ತೆಗೆಯುತ್ತಾರೆ ಎಂದುಕೊಂಡಿದ್ದೆ.

ಅಪ್ಪ ಅದನ್ನು ಓದಲಿಲ್ಲ, ಅವನಿಗೆ ಓದು ಬರುವುದಿಲ್ಲ. ಬಲಗೈಯ ಮೇಲೆ ಅಡ್ಡಡ್ಡ ಇಟ್ಟುಕೊಂಡು ಒಂದು ಸಲ ಮೇಲೆ ಕೆಳಗೆ ಮಾಡಿದ. ಆಮೇಲೆ ಎಡಗೈಗೆ ಬದಲಿಸಿ ಮತ್ತೊಂದು ಸಲ ತೂಗಿ ನೋಡಿದ.

"ಇಷ್ಟ ಹಗೂರ ಅದನೋ ಇದು?" ಎಂದ. "ಇಷ್ಟರ ಸಲುವಾಗಿ ಮನಿ ಮಂದೀನ್ನೆಲ್ಲ ಎಷ್ಟ ದಣಿಸಿದ್ಯೋ, ಮಗನ."